ಗೋಡೆ ದಾಟಿದ ಕೈಗಡ

ಮುಕ್ತಾಗೆ ಇಬ್ಬರು ಅತ್ತೆಯರು. ಒಬ್ಬಳು ಮನೆಯಲ್ಲಿ, ಒಬ್ಬಳು ಆಫೀಸಿನಲ್ಲಿ. ಮನೆಯ ಅತ್ತೆ ನೀಲಗಂಗವ್ವ ರಕ್ತ-ಮಾಂಸದವಳು, ಆಫೀಸಿನ ಅತ್ತೆ ತಂತಿ-ತಗಡಿನವಳು. ಮನೆಯ ಅತ್ತೆ ಬೈದರೆ ಮರುಗಳಿಗೆಯಲ್ಲೇ ರೊಟ್ಟಿಗೆ ಬೆಣ್ಣೆ ಹಚ್ಚಿ ಮುಂದಿಡುತ್ತಿದ್ದಳು. ಆಫೀಸಿನ ಅತ್ತೆ ಬೈದರೆ ಬೈಗುಳದ ಒಂದು ಪ್ರತಿ ಮೇಲಿನ ಸಾಹೇಬರಿಗೂ ಹೋಗುತ್ತಿತ್ತು.

ಆಫೀಸಿನ ಅತ್ತೆಗೆ ಸರಕಾರ ಇಟ್ಟ ಹೆಸರು 'ಸ್ವಯಂಚಾಲಿತ ಸೌರ ಸಮತೋಲನ ವ್ಯವಸ್ಥೆ'. ಅಷ್ಟುದ್ದದ ಹೆಸರು ಕರೆದು ಮುಗಿಸುವಷ್ಟರಲ್ಲಿ ಸೂರ್ಯನೇ ಮುಳುಗಿರುತ್ತಾನೆಂದು ನಿಯಂತ್ರಣ ಕೊಠಡಿಯವರು ಅದನ್ನು ಆಡುಮಾತಿನಲ್ಲಿ 'ಅತ್ತಿ', ಎಂದರೆ ಅತ್ತೆ, ಎಂದು ಮೊಟಕು ಮಾಡಿದ್ದರು. ಹೆಸರು ಸುಮ್ಮನೆ ಅಂಟಿಕೊಂಡದ್ದಲ್ಲ. ಯಾರ ಮನೆಯ ಗೀಸರು ಎಷ್ಟು ಹೊತ್ತು ಉರಿಯಿತು, ಯಾರ ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿಲ್ಲ, ಯಾರ ಮನೆಯ ಮಿಕ್ಸರು ಹಬ್ಬವಲ್ಲದ ದಿನವೂ ಹಬ್ಬ ಮಾಡುತ್ತಿದೆ, ಎಲ್ಲವೂ ಆಕೆಗೆ ಗೊತ್ತಿತ್ತು. ಮನುಷ್ಯರಿಗೆ ಒಂದೊಂದು ನಡಿಗೆ ಇರುವ ಹಾಗೆ ಯಂತ್ರಗಳಿಗೂ ಕರೆಂಟು ಎಳೆಯುವುದರಲ್ಲಿ ಒಂದೊಂದು ನಡಿಗೆ ಇರುತ್ತದೆ. ಮಿಕ್ಸರು ಧಡಕ್ಕನೆ ಎದ್ದು ಓಡುತ್ತದೆ, ಫ್ರಿಜ್ಜು ಆಗಾಗ ತೂಕಡಿಸಿ ಎಚ್ಚರಾಗುತ್ತದೆ, ಫ್ಯಾನು ಒಂದೇ ಸಮ ನಡೆಯುತ್ತಿರುತ್ತದೆ. ತಂತಿಯಲ್ಲಿ ಬರುವ ಆ ಸಣ್ಣ ನಡುಕ ನೋಡಿಯೇ ಅತ್ತಿ ಯಾವ ಮನೆಯಲ್ಲಿ ಏನು ನಡೆದಿದೆ ಎಂದು ಹೇಳಿಬಿಡುತ್ತಿದ್ದಳು. ಪರದೆಯ ಮುಂದೆ ಕೂತು ಕೂತು ಮುಕ್ತಾಗೂ ಆ ವಿದ್ಯೆ ಅಷ್ಟಿಷ್ಟು ಹತ್ತಿತ್ತು.

ಇದು 'ಸೂರಿಗೊಬ್ಬ ಸೂರ್ಯ' ಯೋಜನೆ ಬಂದ ಮೇಲಿನ ಕಾಲ. ಬೆಟಗೇರಿಯ ಹತ್ತಿ ಗಿರಣಿ ಓಣಿಯಲ್ಲಿ ಒಂದು ಮಾಳಿಗೆಯೂ ಬರಿದಾಗಿ ಉಳಿದಿರಲಿಲ್ಲ. ಅಜ್ಜನ ಕಾಲದಿಂದ ತಲೆನೋವನ್ನು ಬಿಟ್ಟು ಬೇರೇನೂ ಕೊಡದಿದ್ದ ಬಿಸಿಲು ಈಗ ಬಿಲ್ಲಿನ ಬದಲು ಬಟವಾಡೆ ಕೊಡತೊಡಗಿತ್ತು. ಮನೆಗೆ ಬೇಕಾದಷ್ಟು ಬಳಸಿ ಮಿಕ್ಕಿದ್ದನ್ನು ಸರಕಾರದ ತಂತಿಗೆ ಮಾರಬಹುದಿತ್ತು. ಮಾಳಿಗೆಯೇ ಮಳಿಗೆಯಾಗಿತ್ತು.

ಎಲ್ಲ ಮನೆಯ ಗೋಡೆಗೂ ಒಂದು ಪೆಟ್ಟಿಗೆ, ಪೆಟ್ಟಿಗೆಯ ಹೊಟ್ಟೆಯಲ್ಲಿ ಬ್ಯಾಟರಿ, ಎದೆಯ ಮೇಲೆ ಎರಡು ಗುಂಡಿ. ಒಂದು 'ಮಾರಾಟ', ಇನ್ನೊಂದು 'ಕೈಗಡ'. ಎರಡನೆಯದನ್ನು ಒತ್ತಿ ಅದೇ ಓಣಿಯ ಯಾರ ಹೆಸರು ಹೇಳಿದರೂ ಕರೆಂಟು ಅವರ ಪೆಟ್ಟಿಗೆಗೆ ಹೋಗುತ್ತಿತ್ತು. ಆ ಪೆಟ್ಟಿಗೆ 'ಇಂಥವರ ಮನೆಯಿಂದ ಬಂದಿದೆ' ಎಂದು ಹೆಣ್ಣುದನಿಯಲ್ಲಿ ಕೂಗುತ್ತಿತ್ತು. ನೆರೆಹೊರೆಯವರು ತಮ್ಮತಮ್ಮಲ್ಲೇ ಅಗ್ಗದಲ್ಲಿ ಮಾರಿಕೊಳ್ಳಲಿ ಎಂಬುದು ಯೋಜನೆ ಬರೆದವರ ಲೆಕ್ಕ. ಪಾಪ, ಅವರಿಗೆ ಓಣಿಯ ಲೆಕ್ಕ ಗೊತ್ತಿರಲಿಲ್ಲ. ಹಾಲು ಮಾರಬಹುದು, ಬೆಣ್ಣೆ ಮಾರಬಹುದು. ಬೆಣ್ಣೆ ತೆಗೆದು ಉಳಿದ ಮಜ್ಜಿಗೆಯನ್ನು ಪಕ್ಕದ ಮನೆಯವಳಿಗೆ ಮಾರುವುದೆಂದರೇನು? ಮಿಕ್ಕ ಕರೆಂಟೂ ಮಜ್ಜಿಗೆಯೇ. ಹಾಗಾಗಿ ಸರಕಾರಕ್ಕೆ ಮಾರಿದವರು ಮಾರಿದರು, ನೆರೆಯವರಿಗೆ ಯಾರೂ ಮಾರಲಿಲ್ಲ. ಕೊಟ್ಟರು. ಇಸಿದುಕೊಂಡವರು ವಾಪಸು ಕೊಟ್ಟರು. ಕೊಡುವಾಗ ಸುಮ್ಮನೆ ಕೊಡಲಿಲ್ಲ. ಪಲ್ಯ ತಂದ ಭಾಂಡೆಯನ್ನು ಬರಿದಾಗಿ ಕಳಿಸುವುದುಂಟೆ? ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಅದೇ ರೂಢಿಯಲ್ಲಿ ಬಂದ ಕರೆಂಟಿಗೂ ಒಂದು ಚೂರು ಸೇರಿಸಿ ಕಳಿಸಿದರು.

ಅಲ್ಲಿಯೇ ಅತ್ತಿಯ ತಲೆ ಕೆಟ್ಟಿದ್ದು.

"ಮೇಡಂರೀ, ಅತ್ತಿ ಮಾರಿ ಕೆಂಪಗಾಗೈತಿ," ಎಂದ ಪಕ್ಕದ ಮೇಜಿನ ಕೊಟ್ರೇಶಿ, ಚಹಾದ ಕಪ್ಪಿನಿಂದ ಮೂಗು ಎತ್ತದೆಯೇ. ಉರಿಬಿಸಿಲಿನ ಮಧ್ಯಾಹ್ನ. ಊರಿನ ಮಾಳಿಗೆಗಳೆಲ್ಲ ಕರೆಂಟು ಕಕ್ಕುವ ಹೊತ್ತು. ನಿಯಂತ್ರಣ ಕೊಠಡಿಯ ದೊಡ್ಡ ಪರದೆಯ ಮೂಲೆಯಲ್ಲಿ ಕೆಂಪು ದೀಪ ಮಿಣುಕುತ್ತಿತ್ತು.

"ಯಾರ ಮ್ಯಾಲ ಸಿಟ್ಟು?"

"ನಿಮ್ಮ ಓಣಿ ಮ್ಯಾಲ. ಎರಡು ಮನಿ ನಡುವ ಒಂದ ಕರೆಂಟು ಹಗ್ಗಜಗ್ಗಾಟ ಆಡಾಕತ್ತೈತಿ. ತಂತಿ ಎಷ್ಟು ಕಾದೈತಿ ಅಂದ್ರ ಮ್ಯಾಲ ಹಪ್ಪಳ ಸುಡಬಹುದು ನೋಡ್ರಿ."

ಮುಕ್ತಾ ಕೆಂಪು ದೀಪ ಮುಟ್ಟಿದಳು. ಅತ್ತಿ ತನ್ನ ಕಚೇರಿಗನ್ನಡದಲ್ಲಿ ಗಂಟಲು ಸರಿಪಡಿಸಿಕೊಂಡಳು.

"ಸದರಿ ಎರಡು ಗೃಹಗಳು ಪರಸ್ಪರರಿಂದ ಬಂದ ವಿದ್ಯುತ್ತನ್ನು ಬಳಸದೆ, ಸ್ವಲ್ಪ ಹೆಚ್ಚಿಸಿ ಹಿಂದಿರುಗಿಸುತ್ತಿವೆ. ಹಿಂದಿರುಗಿದ್ದನ್ನು ಪುನಃ ಹೆಚ್ಚಿಸಿ ಹಿಂದಿರುಗಿಸಲಾಗುತ್ತಿದೆ. ಪ್ರತಿ ಸುತ್ತಿನಲ್ಲೂ ಒಂದು ಪಾಲು ತಂತಿಯಲ್ಲಿ ಶಾಖವಾಗಿ ನಷ್ಟವಾಗುತ್ತಿದೆ. ಉದ್ದೇಶ: ತಿಳಿದುಬಂದಿಲ್ಲ. ಅನುಮಾನ: ವಂಚನೆ."

"ವಂಚನಿ ಮಾಡಿ ಅವರಿಗೇನು ಸಿಗತೈತಿ?"

"ಲಾಭ ತಿಳಿದುಬಂದಿಲ್ಲ. ಲಾಭವಿಲ್ಲದ ಕಾರ್ಯವನ್ನು ಗ್ರಾಹಕರು ಮಾಡುವುದಿಲ್ಲ. ಆದ್ದರಿಂದ ಲಾಭವು ಗುಪ್ತವಾಗಿದೆ."

ಕೊಟ್ರೇಶಿ ಚಹಾ ನೆತ್ತಿಗೇರಿಸಿಕೊಂಡು ಕೆಮ್ಮಿದ. ಮುಕ್ತಾ ನಕ್ಕು ಓಣಿಯ ನಕ್ಷೆ ತೆರೆದಳು, ತೆರೆದವಳೇ ನಗು ನಿಲ್ಲಿಸಿದಳು. ಹೊಳೆಯುತ್ತಿದ್ದ ಎರಡು ಚುಕ್ಕೆಗಳಲ್ಲಿ ಒಂದು ಅವಳದೇ ಮನೆ. ಇನ್ನೊಂದು ಅದಕ್ಕೆ ಮಗ್ಗುಲು ಹಚ್ಚಿ ನಿಂತ ಶಂಕ್ರವ್ವನ ಮನೆ.

ಶಂಕ್ರವ್ವ ನೀಲಗಂಗವ್ವನ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ. ಗಂಡಂದಿರು ತೀರಿಕೊಂಡ ಮೇಲೂ ಇಬ್ಬರೂ ಒಂದೇ ಗೋಡೆಯ ಎರಡು ಮಗ್ಗುಲಲ್ಲಿ ಬಾಳಿದವರು, ಒಂದೇ ಗಂಗಾಳದಲ್ಲಿ ಉಂಡವರು. ಮಾತು ಬಿಟ್ಟು ಈಗ ವರ್ಷಗಳೇ ಆಗಿದ್ದವು. ಕಾರಣ ಮುಕ್ತಾಳ ಮದುವೆ. ಲಗ್ನದ ವಾರದಲ್ಲಿ ನೀಲಗಂಗವ್ವ ಕಾಲು ಉಳುಕಿಸಿಕೊಂಡು ಮಲಗಿದ್ದಳು. "ಸಣ್ಣವ್ವಗ ಹೋಗಿ ಅಕ್ಷತಿ ಕೊಟ್ಟು ಕರದು ಬಾರೋ," ಎಂದು ಮದುಮಗನೇ ಆದ ಮಗ ಶಿವಯೋಗಿಗೆ ಹೇಳಿದಳು. ಶಿವಯೋಗಿ ರೋಣದ ಬಸ್ಸಿನ ಡ್ರೈವರು. ಡ್ಯೂಟಿಯ ಅವಸರದಲ್ಲಿ ಗೋಡೆಯ ಆಚೆ ಇದ್ದವಳಿಗೆ ಫೋನಿನಲ್ಲೇ ಕರೆಯೋಲೆ ಕಳಿಸಿ, ಜೊತೆಗೆ ಒಂದು ಅಕ್ಷತೆಯ ಬಟ್ಟಲಿನ ಚಿತ್ರವನ್ನೂ ಕಳಿಸಿದ. ಚಿತ್ರದ ಅಕ್ಷತೆ ಯಾರ ಕೈಗೆ ಬಿದ್ದೀತು? ಶಂಕ್ರವ್ವ ಲಗ್ನಕ್ಕೆ ಬರಲಿಲ್ಲ. ಬರಲಿಲ್ಲವೆಂದು ನೀಲಗಂಗವ್ವ ಸಿಟ್ಟಾದಳು. ಸಿಟ್ಟಾದಳೆಂದು ಶಂಕ್ರವ್ವ ಇನ್ನಷ್ಟು ಸಿಟ್ಟಾದಳು. ಮುಕ್ತಾ ಮಾತ್ರ ಸೇರಕ್ಕಿ ಒದ್ದು ಒಳಗೆ ಬಂದ ದಿನದಿಂದ ಆ ಗೋಡೆಯನ್ನು ನೋಡಿದಾಗೆಲ್ಲ, ಅದನ್ನು ಕಟ್ಟಿದ ಗೌಂಡಿ ತಾನೇ ಎಂಬಂತೆ ತಲೆ ತಗ್ಗಿಸುತ್ತಿದ್ದಳು.

ಮಾತಿಲ್ಲದ ಆ ಗೋಡೆಯೊಳಗಿಂದ ಇಷ್ಟು ದಿನ ಕರೆಂಟು ಓಡಾಡುತ್ತಿತ್ತೆ!

ಅವಳು ಆಸೆಯಿಂದ ಹಿಂದಕ್ಕೆ ಹಿಂದಕ್ಕೆ ಹೋಗಿ ಮೊದಲು ಕಳಿಸಿದವರು ಯಾರೆಂದು ನೋಡಿದಳು. ಹೋದ ವರ್ಷದ ಆಷಾಢದ ಒಂದು ಮೋಡದ ದಿನ. ಇವರ ಮನೆಯಿಂದ ಶಂಕ್ರವ್ವನ ಮನೆಗೆ ಸ್ವಲ್ಪ ಕರೆಂಟು. ಕಳಿಸಿದವರು: ಅತ್ತಿ.

"ಸಮತೋಲನಾರ್ಥ ಸ್ವಯಂ ವರ್ಗಾವಣೆ," ಎಂದಳು ಅತ್ತಿ. "ಒಂದು ಗೃಹದಲ್ಲಿ ಹೆಚ್ಚಿತ್ತು. ಪಕ್ಕದಲ್ಲಿ ಕಡಿಮೆಯಿತ್ತು."

ಅಷ್ಟೆ. ಪ್ರೀತಿಯೂ ಇಲ್ಲ, ಪಶ್ಚಾತ್ತಾಪವೂ ಇಲ್ಲ. ಹೆಚ್ಚಿತ್ತು, ಕಡಿಮೆಯಿತ್ತು. ಮೊದಲ ಭಾಂಡೆಯನ್ನು ಯಾರೂ ಕಳಿಸಿಯೇ ಇರಲಿಲ್ಲ.

"ನಾಳೆಯ ಸೂರ್ಯಾಸ್ತದೊಳಗೆ ಯಾವುದಾದರೂ ಒಂದು ಗೃಹವು ಬಂದದ್ದನ್ನು ಇಟ್ಟುಕೊಂಡು ಸುತ್ತನ್ನು ನಿಲ್ಲಿಸಬೇಕು," ಅತ್ತಿ ಮುಂದುವರಿಸಿದಳು. "ತಪ್ಪಿದಲ್ಲಿ ಎರಡೂ ಗೃಹಗಳ ಕೈಗಡ ಗುಂಡಿಯನ್ನು ಶಾಶ್ವತವಾಗಿ ಮುಚ್ಚಿ, ಪ್ರಥಮ ವರ್ಗಾವಣೆಯಿಂದ ಹಿಡಿದು ಸಮಗ್ರ ವಿವರವನ್ನು ಪೆಟ್ಟಿಗೆಯ ಮೂಲಕ ಓದಿ ಹೇಳಲಾಗುವುದು. ಮುಕ್ತಾ ಅವರೇ, ಚುಕ್ತಾ ಮಾಡಿಸತಕ್ಕದ್ದು."

"ಅತ್ತಿ ಪ್ರಾಸ ಕಟ್ಟಾಕ ಕಲತಾಳ್ರೀ!" ಎಂದು ಕೊಟ್ರೇಶಿ ಮೇಜು ಬಡಿದ.

ಮುಕ್ತಾಗೆ ನಗು ಬರಲಿಲ್ಲ. ಗುಂಡಿ ಮುಚ್ಚಿದರೆ ಹೋಗಲಿ. ಆದರೆ ಆ ಪೆಟ್ಟಿಗೆ ನಡುಮನೆಯಲ್ಲಿ ನಿಂತು 'ನಿಮಗೆ ಯಾರೂ ಏನೂ ಕಳಿಸಿರಲಿಲ್ಲ, ಯಂತ್ರ ಕಳಿಸಿತ್ತು' ಎಂದು ಓದಿ ಹೇಳಿದರೆ? ಇಬ್ಬರು ಮುದುಕಿಯರ ನಡುವೆ ಉಳಿದದ್ದು ಒಂದೇ ಎಳೆ. ಅದೂ ಸುಳ್ಳೆಂದು ಗೊತ್ತಾದರೆ ಆ ಗೋಡೆ ಇನ್ನು ಗೋಡೆಯಾಗಿ ಉಳಿಯುವುದಿಲ್ಲ, ಕೋಟೆಯಾಗುತ್ತದೆ.

ಮನೆಗೆ ಬಂದಾಗ ನೀಲಗಂಗವ್ವ ಪಡಸಾಲೆಯಲ್ಲಿ ಕೂತು ಒರಳಿನಲ್ಲಿ ಶೇಂಗಾ ಚಟ್ನಿ ಕುಟ್ಟುತ್ತಿದ್ದಳು. ಮಿಕ್ಸರು ಕಪಾಟಿನ ಮೇಲೆ ಸೆರಗು ಹೊದ್ದ ಮದುಮಗಳಂತೆ ಬಟ್ಟೆ ಮುಚ್ಚಿಕೊಂಡು ಕೂತಿತ್ತು. ಫ್ಯಾನು ನಿಂತಿತ್ತು. ಮುದುಕಿಯ ಹಣೆಯಿಂದ ಬೆವರು ಹನಿಯುತ್ತಿತ್ತು. ಇದನ್ನೆಲ್ಲ ಮುಕ್ತಾ ಎಷ್ಟೋ ದಿನದಿಂದ ನೋಡುತ್ತಿದ್ದಳು. 'ಕೈಲೆ ಕುಟ್ಟಿದ ಚಟ್ನಿ ರುಚಿನ ಬ್ಯಾರೆ' ಎಂಬ ಮಾತನ್ನು ನಂಬಿಯೂ ಇದ್ದಳು. ಊರಿನ ಕರೆಂಟನ್ನೆಲ್ಲ ಕಾಯುವವಳಿಗೆ ತನ್ನ ಮನೆಯ ಕರೆಂಟು ಎಲ್ಲಿಗೆ ಹೋಗುತ್ತಿದೆಯೆಂದು ತಿಳಿದಿರಲಿಲ್ಲ.

"ಅತ್ತೀ, ಫ್ಯಾನರೆ ಹಚ್ಚಬಾರದ?"

"ಬ್ಯಾಡವ್ವ. ಗಾಳಿ ಆಡಾಕತ್ತೈತಿ."

ಗಾಳಿ ಆಡುತ್ತಿರಲಿಲ್ಲ. ಬಾಗಿಲ ಪರದೆ ಗೋಡೆಗೆ ಬರೆದ ಚಿತ್ರದಂತೆ ನಿಂತಿತ್ತು.

ಮುಕ್ತಾ ಪಕ್ಕದಲ್ಲಿ ಕೂತು ಕುಟ್ಟುವ ಹಾರೆ ಇಸಿದುಕೊಂಡಳು. ಮೆಲ್ಲಗೆ ಕೇಳಿದಳು: "ಗ್ವಾಡಿ ಆಚೆ ಕರೆಂಟು ಕಳಸಾಕತ್ತೀರೇನು?"

ನೀಲಗಂಗವ್ವ ಕಳ್ಳಿಯಂತೆ ಒಮ್ಮೆ ಗೋಡೆಯ ಕಡೆ ನೋಡಿ ದನಿ ತಗ್ಗಿಸಿದಳು. "ನಾ ಎಲ್ಲಿ ಕಳಿಸೀನಿ? ಅಕೀನ ಮೊದ್ಲು ಕಳಿಸಿದ್ಲು. ನಾವು ಅಣ್ಣಿಗೇರಿಗೆ ಹೋಗಿ ಬಂದ ದಿನ, ಚಪ್ಪಲಿನೂ ಬಿಟ್ಟಿದ್ದಿಲ್ಲ, ಪೆಟಗಿ ಕೂಗಿತು, ಶಂಕ್ರವ್ವನ ಮನಿಯಿಂದ ಬಂದೈತಿ ಅಂತ. ಎದಿ ಧಸಕ್ಕಂತು. ಬಂದ ಭಾಂಡೆ ಖಾಲಿ ಕಳಸಾಕ ಬರತೈತೇನು? ಒಂದ ಚೂರು ಹಾಕಿ ಕಳಿಸಿದೆ. ಅಕಿ ಮತ್ತಷ್ಟು ಹಾಕಿ ಕಳಿಸಿದ್ಲು. ಹಟಮಾರಿ ಅಕಿ, ಮೊದಲಿಂದಾನೂ."

ಅಕಿ ಎನ್ನುವಾಗ ಮುದುಕಿಯ ಮುಖದಲ್ಲಿ ಬೆವರಿನ ನಡುವೆಯೂ ಒಂದು ಹೊಳಪಿತ್ತು. ಮುಕ್ತಾ ಹಾರೆಯ ಮೇಲೆ ಕಣ್ಣು ನೆಟ್ಟಳು.

"ಈಗ ಸಾಕು ಮಾಡ್ರಿ ಅತ್ತೀ. ತಂತಿ ಕಾದು ಕೆಂಡ ಆಗೈತಂತ. ಈ ಸಲ ಬಂದದ್ದು ಇಟ್ಕೊಂಡುಬಿಡ್ರಿ."

"ಇಟ್ಕೊಳ್ಳೂದ?" ನೀಲಗಂಗವ್ವ ಬೆನ್ನು ನೆಟ್ಟಗೆ ಮಾಡಿದಳು. "ಈ ಮನಿ ಹಿರೇಸೊಸಿ ನಾ. ಸಣ್ಣಾಕಿ ಕಡೆ ಇಸಕೊಂಡು ಉಣ್ಣಾಕ ಭಿಕ್ಷಾದಾಕಿ ಅಂತ ತಿಳದೀಯೇನು? ಕೇಳಿಲ್ಲಿ." ಗೋಡೆಗೆ ಕಿವಿಗೊಟ್ಟಳು. ಆಚೆಯಿಂದ ಹೊಲಿಗೆ ಮಷೀನಿನ ಸಪ್ಪಳ, ಟಕ ಟಕ, ತಡೆದು ತಡೆದು. "ಮೊದ್ಲು ಸುಯ್ಯಂತ ಹೋಗ್ತಿತ್ತು. ಈಗ ಮೋಟಾರ ಬಂದ್ ಮಾಡಿ ಕಾಲಿಲೆ ತುಳ್ಯಾಕತ್ತಾಳ. ಮಣಕಾಲು ನೋವಿನಾಕಿ. ನನಗ ಕಳಸಾಕಂತ! ಹುಚ್ಚಿ. ಅದಕ ನಾ ಇನ್ನಷ್ಟು ಕಳಸ್ತೀನಿ, ಮೋಟಾರಿಗೆ ಹಚ್ಕೊಳ್ಳಲಿ ಅಂತ. ಅಕಿ ಹಚ್ಚಂಗಿಲ್ಲ. ತಿರುಗಿ ನನಗ ಕಳಸ್ತಾಳ."

ಮುಕ್ತಾಗೆ ಆಗ ಅತ್ತಿ ಹೇಳಿದ ಗುಪ್ತ ಲಾಭ ಯಾವುದೆಂದು ಸ್ವಲ್ಪ ಸ್ವಲ್ಪ ತಿಳಿಯತೊಡಗಿತು. ಒಬ್ಬಳ ಮಂಡಿ ನೋಯಬಾರದೆಂದು ಇನ್ನೊಬ್ಬಳು ಬೆವರುತ್ತಿದ್ದಳು. ಅವಳು ಬೆವರಬಾರದೆಂದು ಇವಳು ಮಂಡಿ ನೋಯಿಸಿಕೊಳ್ಳುತ್ತಿದ್ದಳು. ನಡುವೆ ಅವರಿಬ್ಬರ ಬಿಸಿಲೂ ತಂತಿಯಲ್ಲಿ ಕಾದು ಹೋಗುತ್ತಿತ್ತು.

"ಗ್ವಾಡಿ ಆಚೆ ಹೋಗಿ ಮಾತಾಡಿದ್ರ ಖರ್ಚು ಕಡಿಮಿ ಅಲ್ಲೇನ್ರಿ ಅತ್ತೀ?"

"ಮಾತೇನ ಮಾತು!" ಎಂದು ನೀಲಗಂಗವ್ವ ಹಾರೆ ಕಸಿದುಕೊಂಡಳು. "ಮಾತಾಡಾಕ ಮೊದ್ಲು ಅಕಿ ಬರ್ಲಿ. ನೀ ಕೈ ಬಿಡ, ನಿನಗ ಕುಟ್ಟಾಕ ಬರಂಗಿಲ್ಲ."

ಮರುದಿನ ಊಟದ ಹೊತ್ತಿಗೆ ಮುಕ್ತಾ ಆಫೀಸಿನ ಅತ್ತೆಯ ಕಾಲು ಹಿಡಿದು ನೋಡಿದಳು.

"ಇದು ಮಾರಾಟ ಅಲ್ಲ. ಕೊಡೂದು-ತಗೊಳ್ಳೂದು. ಬ್ಯಾರೆ ಬಾಬತ್ತು ಅಂತ ಬರಕೊಳ್ಳಬಾರದ?"

"ಬಾಬತ್ತುಗಳ ಪಟ್ಟಿಯಲ್ಲಿ ಮಾರಾಟ, ಸಾಲ, ಕಳವು, ಸೋರಿಕೆ ಎಂದು ನಾಲ್ಕಿವೆ. ಯಾವುದು?"

"ಯಾವುದೂ ಅಲ್ಲ."

"ಹಾಗಾದರೆ ಕಳವು."

"ನಮ್ಮ ಮನ್ಯಾಗೂ ಹಿಂಗ ರೀ," ಎಂದ ಕೊಟ್ರೇಶಿ ಅನುಭವಸ್ಥನಂತೆ. "ಅತ್ತಿ ಜೊತಿ ವಾದ ಮಾಡಬಾರ್ದು. ಊಟಕ್ಕ ಹೋಗಿ ಬರ್ರಿ."

ಮುಕ್ತಾ ಎದ್ದಳು. ಊಟಕ್ಕಲ್ಲ. ಮಟಮಟ ಬಿಸಿಲಿನಲ್ಲಿ ಸ್ಕೂಟಿ ಓಡಿಸಿಕೊಂಡು ಓಣಿಗೆ ಬಂದು, ತನ್ನ ಬಾಗಿಲು ದಾಟಿ, ಗೋಡೆಯ ಆಚೆಯ ಬಾಗಿಲ ಮುಂದೆ ನಿಂತಳು. ಮದುವೆಯಾಗಿ ಬಂದಾಗಿನಿಂದ ತುಳಿಯದ ಹೊಸ್ತಿಲು. ಏನೆಂದು ಕರೆಯಬೇಕೆಂದು ತೋಚದೆ ಅಗುಳಿ ಅಲ್ಲಾಡಿಸಿದಳು.

"ಬಾರವ್ವ ಮುಕ್ತಾಬಾಯಿ," ಎಂದಿತು ಒಳಗಿನಿಂದ ಒಂದು ದನಿ. "ಹೆಜ್ಜಿ ಸಪ್ಪಳದ ಮ್ಯಾಲ ಹೇಳಿದೆ ನೋಡು. ಇಷ್ಟು ವರ್ಷ ನಿನ್ನ ದನಿ ಕೇಳೀನಿ, ಮಾರಿ ಇವತ್ತು ಹತ್ರದಿಂದ ನೋಡಿದಂಗಾತು."

ಶಂಕ್ರವ್ವ ತೆಳ್ಳಗಿದ್ದಳು, ಮೂಗಿನ ಮೇಲೆ ಕನ್ನಡಕ, ಹಲ್ಲಿನ ನಡುವೆ ದಾರ. ಸುತ್ತ ಪಂಚಮಿ ಹಬ್ಬಕ್ಕೆ ಹೊಲಿಯುವ ಜಂಪರುಗಳ ರಾಶಿ. ಮಷೀನಿನ ಮೋಟಾರಿನ ಪಟ್ಟಿ ಕಳಚಿ ಮೊಳೆಗೆ ನೇತುಹಾಕಿದ್ದಳು. ಫ್ರಿಜ್ಜಿನ ಬಾಗಿಲು ಹಾರುಹೊಡೆದಿತ್ತು. ಅದರೊಳಗೆ ದಾರದ ಉಂಡೆಗಳು. ಹಾಲಿನ ಪಾತ್ರೆ ನೀರಿನ ಪರಾತದಲ್ಲಿ ಕೂತಿತ್ತು.

"ಸಣ್ಣತ್ತಿ..." ಎಂದಳು ಮುಕ್ತಾ.

ಆ ಒಂದು ಶಬ್ದಕ್ಕೆ ಶಂಕ್ರವ್ವನ ಹಲ್ಲಿನಿಂದ ದಾರ ಜಾರಿತು. ಏನೂ ಆಗದವಳ ಹಾಗೆ ಅದನ್ನು ಹುಡುಕಿ, ಸೂಜಿಗೆ ಪೋಣಿಸಲು ಹೋಗಿ, ಎರಡು ಸಲ ತಪ್ಪಿದಳು. "ಕೂಡ್ರು. ಮಜ್ಜಿಗಿ ಕುಡಿ. ತಂಪಿಲ್ಲ, ಬೈಕೋಬ್ಯಾಡ."

ಮುಕ್ತಾ ಮಜ್ಜಿಗೆ ಕುಡಿದು, ಬಂದ ಸಂಗತಿ ಹೇಳಿದಳು. ತಂತಿ ಕಾದದ್ದು, ಸೂರ್ಯ ಮುಳುಗುವುದರೊಳಗೆ ಒಬ್ಬರು ಇಟ್ಟುಕೊಳ್ಳಬೇಕಾದದ್ದು, ಇಲ್ಲವಾದರೆ ಪೆಟ್ಟಿಗೆ ಎಲ್ಲವನ್ನೂ ಓದುವುದು. ಏನನ್ನು ಓದುತ್ತದೆ ಎಂಬಲ್ಲಿಗೆ ಬಂದು ನಾಲಿಗೆ ತೊಡರಿತು.

"ಏನ್ ಓದತೈತಿ?" ಎಂದಳು ಶಂಕ್ರವ್ವ. "ಮೊದಲನೇದು ನೀಲಕ್ಕ ಕಳಿಸಿದ್ದಲ್ಲ ಅಂತನೇನು?"

ಮುಕ್ತಾ ಬೆಪ್ಪಾದಳು. "ನಿಮಗ ಗೊತ್ತೈತಿ?"

"ಅವತ್ತು ನೀವು ಅಣ್ಣಿಗೇರಿಗೆ ಹೋಗಿದ್ರಿ. ಮನಿಗೆ ಕೀಲಿ. ಗ್ವಾಡಿ ಆಚೆ ಒಂದು ಕೆಮ್ಮಿಲ್ಲ, ಒಂದು ಭಾಂಡೆ ಸಪ್ಪಳಿಲ್ಲ. ಕೀಲಿ ಹಾಕಿದ ಮನಿ ಕರೆಂಟು ಕಳಸತೈತೇನು? ನಾ ಅಷ್ಟು ಹುಚ್ಚಿ ಅಲ್ಲ." ಶಂಕ್ರವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ಯಾವುದೋ ಯಂತ್ರ ತಪ್ಪಿ ಹಾಕೈತಿ ಅಂದ್ಕೊಂಡೆ. ಆದ್ರ ಪೆಟಗಿ ಅಕಿ ಹೆಸರು ಕೂಗಿತ್ತಲ್ಲವ್ವ. 'ನೀಲಗಂಗವ್ವ ಅವರ ಮನೆಯಿಂದ' ಅಂತ. ಈ ಮನ್ಯಾಗ ಆ ಹೆಸರು ಯಾರರೆ ಅಂದು ಎಷ್ಟು ದಿನ ಆಗಿತ್ತು! ಯಾರೂ ಕಳಿಸದ ಭಾಂಡೆ ಬಂದೈತಿ, ಆತು, ಅಕೀನ ಕಳಿಸ್ಯಾಳ ಅಂತ ತಿಳ್ಕೊಳ್ಳೂಣು ಅಂತ, ತುಂಬಿ ಕಳಿಸಿದೆ. ನನಗೂ ಒಂದು ನೆವ ಬೇಕಾಗಿತ್ತು."

ಮುಕ್ತಾ ಖಾಲಿ ಲೋಟ ತಿರುಗಿಸುತ್ತ ಕೂತಳು. ಹಾಗಾದರೆ ಅತ್ತೆ ಹೇಳಿದ್ದೇ ಖರೆ. ಅಕೀನ ಮೊದ್ಲು ಕಳಿಸಿದ್ಲು. ಪೆಟ್ಟಿಗೆ ಏನೇ ಓದಲಿ, ಮನಸಾರೆ ಕಳಿಸಿದ ಮೊದಲ ಭಾಂಡೆ ಇದೇ ಮನೆಯದು. ಆದರೆ ಅದನ್ನು ಪೆಟ್ಟಿಗೆ ಓದುವುದಿಲ್ಲ. ಪೆಟ್ಟಿಗೆಗೆ ಇದು ಬರೀ ವಾಪಸಾತಿ.

"ಹಂಗಿದ್ರ ಈ ಸಲದ್ದು ನೀವು ಇಟ್ಕೊಳ್ರಿ ಸಣ್ಣತ್ತಿ. ಚುಕ್ತಾ ಆಗತೈತಿ."

"ಚುಕ್ತಾ!" ಶಂಕ್ರವ್ವ ಸೂಜಿ ಚುಚ್ಚಿಸಿಕೊಂಡವಳಂತೆ ನೋಡಿದಳು. "ಅದನ್ನ ಬ್ಯಾಡ ಅನ್ನೂದು ನಾ. ಚುಕ್ತಾ ಅಂದ್ರ ಋಣ ತೀರಿತು ಅಂದಂಗ. ಋಣ ತೀರೂದು ಯಾವಾಗ? ಚಟ್ಟದ ಮ್ಯಾಲ ಹೋಗುವಾಗ. ಬದುಕಿರುವಾಗ ಚುಕ್ತಾ ಮಾಡ್ಕೊಂಡು ಅಕಿ ನಾ ಆ ಕಡೆ ಒಬ್ರು ಈ ಕಡೆ ಒಬ್ರು ಗಪ್‌ಚಿಪ್ ಕುಂದ್ರೂದೇನು?"

ಹೊರಗೆ ಮೇಲಿನ ಬೀದಿಯಲ್ಲಿ ಐಸ್‌ಕ್ಯಾಂಡಿಯವನ ಗಂಟೆ ಹಾದುಹೋಯಿತು. ಮುಕ್ತಾ ಯೋಚಿಸಿದಳು. ಇಷ್ಟು ವರ್ಷ ಲೆಕ್ಕದ ಯಂತ್ರದ ಮುಂದೆ ಕೂತವಳಿಗೆ ಲೆಕ್ಕ ಮೊದಲ ಸಲ ಬೇರೆ ಕಡೆಯಿಂದ ಕಂಡಿತು.

"ಸಣ್ಣತ್ತಿ, ಚುಕ್ತಾ ಯಂತ್ರಕ್ಕ. ನಿಮಗಲ್ಲ. ನೀವು ವಾಪಸ್ ಕಳಿಸಿದ್ರ ಸರಿಗೆ ಸರಿ ಆಗತೈತಿ. ಇಟ್ಕೊಂಡ್ರ ಬಾಕಿ ಉಳೀತೈತಿ. ನಮ್ಮತ್ತಿ ಋಣ ನಿಮ್ಮ ಮ್ಯಾಲ ಹಂಗ ಇರತೈತಿ. ಎಂದೂ ತೀರಂಗಿಲ್ಲ."

ಶಂಕ್ರವ್ವ ಗೋಡೆಯ ಕಡೆ ತಿರುಗಿದಳು. ಗೋಡೆಯ ಆಚೆ ಒರಳಿನ ಸಪ್ಪಳ ಕೇಳುತ್ತಿತ್ತು. ಅದನ್ನು ಸ್ವಲ್ಪ ಹೊತ್ತು ಕೇಳಿ, "ಈ ಬಿಸಲಾಗ ಕುಟ್ಟಾಕತ್ತಾಳ ನೋಡು, ಮಿಕ್ಸರ ಮನ್ಯಾಗಿಟ್ಕೊಂಡು," ಎಂದು ಗೊಣಗಿದಳು. ಆಮೇಲೆ: "ಋಣದಾಗ ಇದ್ರ ನಾ ಸಣ್ಣಾಕಿ ಆಗ್ತೀನಿ ಅಲ್ಲ?"

"ಹೂಂ."

"ಆಗೂದೇನು, ಮೊದ್ಲ ಸಣ್ಣಾಕಿ ನಾ. ಅಕಿ ಹಿರೇಸೊಸಿ." ನಕ್ಕಳು. ನಗು ತುಟಿಯ ತುದಿಯವರೆಗೆ ಬಂದು ನಿಂತಿತು. "ಆದ್ರ ಇತ್ತಾಗಿಂದ ಒಮ್ಮಿಂದೊಮ್ಮೆ ಬರೂದು ನಿಂತ್ರ ಅಕಿ ಏನಂತ ತಿಳೀತಾಳ? ಶಂಕ್ರಿ ಖಾಲಿ ಭಾಂಡೆ ಕಳಿಸಿದ್ಲು ಅಂತಾಳ. ಯಾರರೆ ಹೇಳಬೇಕಲ್ಲ."

"ನಾ ಹೇಳ್ತೀನಿ."

"ನೀ ಹೇಳಬಾರ್ದು. ಈ ಮನಿಗೆ ಮತ್ತೊಬ್ಬರ ಕೈಲೆ ಸುದ್ದಿ ಕಳಿಸಿಯೇ ಇಷ್ಟಾಗೈತಿ."

"ಮತ್ತ?"

ಶಂಕ್ರವ್ವ ಜಂಪರು ಎತ್ತಿಕೊಂಡು ತುಳಿಯತೊಡಗಿದಳು. ಟಕ ಟಕ. ಮುಕ್ತಾ ಎದ್ದು ನಿಂತಳು, ಸ್ವಲ್ಪ ಕಾದಳು. ಮುದುಕಿ ತಲೆ ಎತ್ತಲಿಲ್ಲ. ಸ್ಕೂಟಿ ತಿರುಗಿಸುವಾಗ ಅವಳಿಗೆ ಕಂಡದ್ದು ಎರಡು ಬಾಗಿಲು, ನಡುವೆ ಮೂರು ಹೆಜ್ಜೆ. ಅಷ್ಟು ದೂರಕ್ಕೆ ಯಾವ ಸರಕಾರವೂ ತಂತಿ ಎಳೆದಿರಲಿಲ್ಲ.

ಮಧ್ಯಾಹ್ನ ಇಳಿಯಿತು. ನಿಯಂತ್ರಣ ಕೊಠಡಿಯಲ್ಲಿ ಊರಿನ ಮಾಳಿಗೆಗಳು ಒಂದೊಂದಾಗಿ ಸುಸ್ತಾಗತೊಡಗಿದವು. ಮುಕ್ತಾ ಎರಡು ಮನೆಯ ಗೆರೆಗಳನ್ನು ಪರದೆಯ ತುಂಬ ದೊಡ್ಡದು ಮಾಡಿಕೊಂಡು ಕೂತಿದ್ದಳು. ನೀಲಗಂಗವ್ವ ಎಂದಿನಂತೆ ಕಳಿಸಿದಳು. ಕರೆಂಟು ಗೋಡೆ ದಾಟಿತು. ಇನ್ನು ಸ್ವಲ್ಪ ಹೊತ್ತಿಗೆ ಅದು ವಾಪಸು ಬರಬೇಕು. ದಿನವೂ ಹಾಗೆಯೇ ಬರುತ್ತಿತ್ತು.

ಬರಲಿಲ್ಲ.

"ಚುಕ್ತಾ ಆತು ಮೇಡಂ!" ಕೊಟ್ರೇಶಿ ಕೂಗಿದ. ಕೆಂಪು ದೀಪ ಹಸಿರಾಗಿತ್ತು. "ಅತ್ತಿ ಶಾಂತ ಆದ್ಲು. ಇನ್ನ ನೋಟೀಸಿಲ್ಲ, ಏನಿಲ್ಲ. ಪೇಡಾ ತರಸ್ರಿ."

ಮುಕ್ತಾ ಪರದೆ ಬಿಟ್ಟು ಕದಲಲಿಲ್ಲ. ಶಂಕ್ರವ್ವನ ಗೆರೆ ಮಲಗಿತ್ತು. ಬಂದ ಕರೆಂಟು ಬ್ಯಾಟರಿಯಲ್ಲೇ ಇತ್ತು. ಮೋಟಾರಿಲ್ಲ, ಫ್ಯಾನಿಲ್ಲ, ಒಂದು ದೀಪವೂ ಇಲ್ಲ. ಇತ್ತ ನೀಲಗಂಗವ್ವನ ಗೆರೆಯೂ ಮಲಗಿತ್ತು. ಅತ್ತೆ ಈಗ ಪೆಟ್ಟಿಗೆಯ ಮುಂದೆ ಕೂತಿರುತ್ತಾಳೆ, ಅದು ಇನ್ನೂ ಯಾಕೆ ಕೂಗಲಿಲ್ಲವೆಂದು. ಎದ್ದು ಅದರ ತಲೆಗೊಂದು ಮೊಟಕಿರುತ್ತಾಳೆ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡಿರುತ್ತಾಳೆ, ಬೆವರೆಂದುಕೊಂಡು. ಮುಕ್ತಾಳ ಕೈ ಫೋನಿನ ಕಡೆ ಹೋಯಿತು. 'ನೀ ಹೇಳಬಾರ್ದು' ಎಂಬ ಮಾತು ನೆನಪಾಗಿ ಹಿಂದೆ ಬಂತು. ಕಿಟಕಿಯ ಆಚೆ ಸೂರ್ಯ ಹತ್ತಿಗಿರಣಿಯ ಚಿಮಣಿಯ ಹಿಂದೆ ಸರಿದ. ಎರಡೂ ಗೆರೆಗಳು ಚಾಪೆ ಹಾಸಿದ ಹಾಗೆ ನೆಟ್ಟಗೆ, ಸುಮ್ಮಗೆ. ಇಬ್ಬರ ನಡುವಿನ ಮಾತನ್ನು ತಾನೇ ಕತ್ತರಿಸಿ ಕೂತೆನೆ ಎಂದುಕೊಂಡಳು.

ಇದ್ದಕ್ಕಿದ್ದಂತೆ ಅವಳ ಮನೆಯ ಗೆರೆ ಮೈ ಮುರಿದು ಎದ್ದಿತು.

ಫ್ಯಾನು. ಎಷ್ಟೋ ತಿಂಗಳಿಂದ ನಿಂತಿದ್ದ ಪಡಸಾಲೆಯ ಫ್ಯಾನು ತಿರುಗತೊಡಗಿತ್ತು. ಅತ್ತೆ ತನಗಾಗಿ ಫ್ಯಾನು ಹಚ್ಚುವವಳಲ್ಲ. ಮುಕ್ತಾ ಕುರ್ಚಿಯ ತುದಿಗೆ ಸರಿದಳು. ಧಡಕ್ಕನೆ ಇನ್ನೊಂದು ನಡಿಗೆ ಸೇರಿತು. ಮಿಕ್ಸರು! ಓಡಿತು, ನಿಂತಿತು, ಮತ್ತೆ ಓಡಿತು. ಅದರ ಬೆನ್ನಿಗೇ ವಿದ್ಯುತ್ ಒಲೆ ಭಾರವಾಗಿ ಎದ್ದು ಕೂತಿತು. ಏನೋ ಕುದಿಯುತ್ತಿತ್ತು. ಅತ್ತ ಶಂಕ್ರವ್ವನ ಮನೆಯಲ್ಲಿ ಮಾತ್ರ ಏನೂ ಅಲುಗಲಿಲ್ಲ, ಕೀಲಿ ಹಾಕಿದ ಮನೆಯಂತೆ.

ಮುಕ್ತಾಳ ಕಣ್ಣಲ್ಲಿ ಪರದೆ ಮಸುಕಾಯಿತು.

ಅಷ್ಟರಲ್ಲಿ ಫ್ಯಾನಿನ ಗೆರೆ ಏರಿತು. ಇಳಿಯಿತು. ಇನ್ನೂ ಜೋರಾಗಿ ಏರಿತು, ಗಕ್ಕನೆ ತಳಕ್ಕಿಳಿಯಿತು, ಮತ್ತೆ ತುದಿಗೆ ಹೋಯಿತು. ನೀಲಗಂಗವ್ವನಿಗೆ ಜೋರು ಗಾಳಿ ಆಗದು, ಸೊಂಟ ಹಿಡಿಯುತ್ತದೆ. ಬೆವರಿನ ಕೋಣೆಯಲ್ಲಿ ದಿನವಿಡೀ ತುಳಿದು ಬಂದ ಇನ್ನೊಬ್ಬಳಿಗೆ ಜೋರೇ ಬೇಕು. ಒಬ್ಬಳು ಎದ್ದು ಹೆಚ್ಚು ಮಾಡುವುದು, ಇನ್ನೊಬ್ಬಳು ಬೈದು ಕಡಿಮೆ ಮಾಡುವುದು. ಬಾಯಿ ಎಷ್ಟು ಜೋರಾಗಿ ನಡೆದಿರಬಹುದೆಂದು ಗೆರೆಯೇ ಹೇಳುತ್ತಿತ್ತು. ವರ್ಷಗಟ್ಟಲೆ ಕೂಡಿಟ್ಟ ಜಗಳ, ಒಂದೇ ಸಂಜೆಗೆ ಮುಗಿಯುವಂಥದಲ್ಲ.

ಅತ್ತಿ ಗಂಟಲು ಸರಿಪಡಿಸಿಕೊಂಡಳು. "ಸದರಿ ಗೃಹದಲ್ಲಿ ಪಂಖದ ವೇಗವು ಅಕಾರಣವಾಗಿ ಏರಿಳಿಯುತ್ತಿದೆ. ದೋಷವಿರಬಹುದು. ದುರಸ್ತಿಯವರನ್ನು ಕಳಿಸಬೇಕೆ?"

"ಬ್ಯಾಡ," ಎಂದಳು ಮುಕ್ತಾ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ದುರಸ್ತಿ ನಡದೈತಿ."